ಎಂಟು ಬೇಡ, ನಾಲ್ಕು ಸಾಕು: ಕ್ರಿಕೆಟಿಗರ ಭಾವಚಿತ್ರ ಬರೆಸುವವರಿಗೆ ಒಂದು ಉತ್ತರ

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದೊಂದು ಹಳೆಯ ಕ್ರಿಕೆಟ್ ಕ್ಲಬ್ ಇದೆ. ಕ್ಲಬ್ಬಿನ ಹೆಂಚಿನ ಕಟ್ಟಡದ ಎರಡು ಕೋಣೆಗಳಲ್ಲಿ ಪುಟ್ಟ ಕ್ರೀಡಾ ಸಂಗ್ರಹಾಲಯ ಮಾಡುತ್ತಿದ್ದೇವೆ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಕಿರ್ಮಾನಿ, ಬಿನ್ನಿ, ಶ್ರೀನಾಥ್, ಕುಂಬ್ಳೆ, ದ್ರಾವಿಡ್, ಕರ್ನಾಟಕದ ಈ ಎಂಟು ಮಂದಿ ಕ್ರಿಕೆಟಿಗರ ತೈಲವರ್ಣ ಭಾವಚಿತ್ರ ಬರೆಸಬೇಕೆಂದಿದೆ. ಇಂಟರ್ನೆಟ್ಟಿನಿಂದ ಫೋಟೊ ತೆಗೆದುಕೊಟ್ಟರೆ ಎರಡು ತಿಂಗಳಲ್ಲಿ ಎಂಟನ್ನೂ ಮುಗಿಸಿಕೊಡುತ್ತೇನೆ ಎಂದು ಒಬ್ಬ ಕಲಾವಿದರು ಹೇಳಿದ್ದಾರೆ. ಸಮಿತಿಯಲ್ಲಿ ಕೆಲವರು ಅಷ್ಟು ದುಡ್ಡೇಕೆ, ಕ್ಯಾನ್ವಾಸ್ ಪ್ರಿಂಟ್ ಹಾಕಿಸಿದರಾಯಿತು ಅನ್ನುತ್ತಾರೆ. ನಾವು ಏನು ಮಾಡಬೇಕು? ಚಿತ್ರದ ಹಕ್ಕು ಯಾರದಾಗುತ್ತದೆ? ನಮ್ಮ ಊರಿನ ಮಳೆಗಾಲಕ್ಕೆ ಅದು ಬಾಳಿಕೆ ಬಂದೀತೆ?

ಉತ್ತರ: ಎಂಟು ಭಾವಚಿತ್ರಗಳಿಗೆ ಎತ್ತಿಟ್ಟ ಹಣದಲ್ಲಿ ಈಗ ನಾಲ್ಕನ್ನು ಬರೆಸಿ. ಆ ನಾಲ್ಕನ್ನೂ ಆಟಗಾರರನ್ನು ಎದುರಿಗೆ ಕೂರಿಸಿಕೊಂಡೇ ಬರೆಸಿ. ಉಳಿದವರಿಗೆ ಸದ್ಯಕ್ಕೆ ಒಳ್ಳೆಯ ಛಾಯಾಚಿತ್ರ ಹಾಕಿ, ಅದನ್ನು ಛಾಯಾಚಿತ್ರವೆಂದೇ ಕರೆಯಿರಿ. ಪ್ರಿಂಟ್ ಹಾಕಿಸುವುದು ತಪ್ಪಲ್ಲ. ಪ್ರಿಂಟಿನ ಮೇಲೆ ಪಾರದರ್ಶಕ ಜೆಲ್ ಬಳಿದು, ಅಲ್ಲಲ್ಲಿ ಎರಡು ಬ್ರಷ್ ಗುರುತು ಮೂಡಿಸಿ ಪೇಂಟಿಂಗ್ ಎಂದು ಮಾರುವುದು ತಪ್ಪು. ಎರಡು ತಿಂಗಳಿಗೆ ಎಂಟು ಎಂಬ ಮಾತು ಕೇಳಿದಾಗ ನನಗೆ ಮೊದಲು ಬರುವ ಅನುಮಾನವೇ ಅದು. ಚಿತ್ರದ ಮೇಲೆ ಟಾರ್ಚನ್ನು ಪಕ್ಕದಿಂದ ಹಾಯಿಸಿ, ಭೂತಗನ್ನಡಿ ಹಿಡಿದು ನೋಡಿ. ಬಣ್ಣದ ಬದಲು ಸಣ್ಣ ಸಣ್ಣ ಚುಕ್ಕೆಗಳು ಕಂಡರೆ ಅದು ಮೆಷಿನ್ನಿನ ಕೆಲಸ.

ಎದುರಿಗೆ ಕೂರಿಸಬೇಕು ಎಂದು ಯಾಕೆ ಇಷ್ಟು ಹಟ ಹಿಡಿಯುತ್ತಿದ್ದೇನೆ ಎಂದರೆ, ಲಂಡನ್ನಿನ ಲಾರ್ಡ್ಸ್ ಮೈದಾನದ ಉದಾಹರಣೆ ನೋಡಿ. ಆ ಮೈದಾನದ ಒಡೆತನವಿರುವ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್ಬಿಗೆ ಚಿತ್ರ ಬರೆಸುವ ಅಭ್ಯಾಸ ಹಳೆಯದು. ಗಡ್ಡದ ಡಬ್ಲ್ಯು.ಜಿ. ಗ್ರೇಸ್ ಬ್ಯಾಟ್ ಹಿಡಿದು ನಿಂತಿರುವ, ಆರ್ಚಿಬಾಲ್ಡ್ ಸ್ಟುವರ್ಟ್ ವೋರ್ಟ್ಲಿ ಬರೆದ ಚಿತ್ರ 1890ರದು. ಅವರ ಸಂಗ್ರಹಾಲಯದ ಬಾಗಿಲು ತೆರೆದದ್ದು 1953ರಲ್ಲಿ. ಈಚಿನ ದಶಕಗಳಲ್ಲಿ ಅವರು ಹೊರದೇಶದ ಆಟಗಾರರ ಭಾವಚಿತ್ರಗಳನ್ನೂ ಬರೆಸುತ್ತಿದ್ದಾರೆ. ಕಪಿಲ್ ದೇವ್, ಬಿಷನ್ ಸಿಂಗ್ ಬೇಡಿ, ದಿಲೀಪ್ ವೆಂಗಸರ್ಕಾರ್ ಮೂವರ ಚಿತ್ರಗಳನ್ನೂ ಸ್ಟುವರ್ಟ್ ಪಿಯರ್ಸನ್ ರೈಟ್ ಎಂಬ ಕಲಾವಿದ ಬರೆದರು. ಅದೇ ಕಲಾವಿದ ಬರೆದ ಸಚಿನ್ ತೆಂಡೂಲ್ಕರ್ ಭಾವಚಿತ್ರವನ್ನು 2025ರ ಜುಲೈ 10ರಂದು, ಭಾರತ–ಇಂಗ್ಲೆಂಡ್ ಟೆಸ್ಟಿನ ಮೊದಲ ಬೆಳಿಗ್ಗೆ, ಲಾರ್ಡ್ಸ್‌ನಲ್ಲಿ ಅನಾವರಣ ಮಾಡಿದರು. (ಅದೇ ಟೆಸ್ಟಿನಲ್ಲಿ ನಮ್ಮ ಕೆ.ಎಲ್. ರಾಹುಲ್ ಸರಿಯಾಗಿ ನೂರು ಹೊಡೆದದ್ದು ನಿಮಗೆ ನೆನಪಿರಬಹುದು.) ಆ ಚಿತ್ರಕ್ಕೆ ಆಧಾರವಾದದ್ದು ಕಲಾವಿದ ಅದಕ್ಕೂ ಹದಿನೆಂಟು ವರ್ಷ ಹಿಂದೆ ಮುಂಬೈಗೆ ಹೋಗಿ, ಸಚಿನ್ ಮನೆಯಲ್ಲಿ ತಾನೇ ತೆಗೆದುಕೊಂಡಿದ್ದ ಫೋಟೊ. ಆ ಕಾಲಕ್ಕೆ ಸಚಿನ್ ಇನ್ನೂ ಆಡುತ್ತಿದ್ದರು. ಅಂದು ಅವರ ಎದುರು ಕಳೆದ ಹೊತ್ತು ಅಷ್ಟು ವರ್ಷಗಳ ನಂತರ ಈ ಚಿತ್ರಕ್ಕೆ ಒದಗಿ ಬಂತು. ಬೇಡಿ 2023ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅಷ್ಟರೊಳಗೆ ಅವರ ಚಿತ್ರ ಆಗಿತ್ತು. ಪ್ರಸನ್ನ ಹುಟ್ಟಿದ್ದು 1940ರಲ್ಲಿ, ಚಂದ್ರಶೇಖರ್ 1945ರಲ್ಲಿ, ವಿಶ್ವನಾಥ್ 1949ರಲ್ಲಿ. ನಿಮ್ಮ ಪಟ್ಟಿಯಲ್ಲಿ ಯಾರು ಮೊದಲು ಎಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಕಿಲ್ಲ. ದ್ರಾವಿಡ್, ಕುಂಬ್ಳೆ ಅವರಿಗೆ ಇನ್ನೂ ಕಾಲವಿದೆ.

ಮೂರಾಯಿತು. ನಾಲ್ಕನೆಯದು ಯಾರದು ಎಂದು ಕೇಳುತ್ತೀರಿ. ನಿಮ್ಮ ಪಟ್ಟಿಯಲ್ಲಿ ಎಂಟೂ ಗಂಡಸರು. ಭಾರತದ ಮಹಿಳಾ ತಂಡ ತನ್ನ ಮೊತ್ತಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ, 1976ರಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ತಂಡದ ನಾಯಕಿ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವು ಬಂದದ್ದೂ ಅವರ ನಾಯಕತ್ವದಲ್ಲೇ. ಮರುವರ್ಷ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 108 ರನ್ ಹೊಡೆದು, ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯ ಮಹಿಳೆಯಾದರು. ರಾಜ್ಯದ ಕ್ರಿಕೆಟ್ ಇತಿಹಾಸ ಹೇಳಲು ಹೊರಟ ಗೋಡೆಯ ಮೇಲೆ ಅವರಿಲ್ಲದಿದ್ದರೆ ಶಾಲೆಯಿಂದ ಬರುವ ಹೆಣ್ಣುಮಕ್ಕಳು ಕೇಳುವ ಮೊದಲ ಪ್ರಶ್ನೆಗೇ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಆಯ್ಕೆಗೆ ದಾಖಲೆಗಳನ್ನಷ್ಟೇ ನೆಚ್ಚಿಕೊಳ್ಳಬೇಡಿ ಎಂದೂ ಹೇಳುತ್ತೇನೆ. ಲಾರ್ಡ್ಸ್‌ನಲ್ಲಿ ವೆಂಗಸರ್ಕಾರ್ ಮೂರು ಟೆಸ್ಟ್ ಶತಕ ಹೊಡೆದರು. ಸಚಿನ್ ಅಲ್ಲಿ ಟೆಸ್ಟಿನಲ್ಲಿ 37 ದಾಟಲಿಲ್ಲ. ಚಿತ್ರ ಇಬ್ಬರದೂ ಇದೆ.

ಇನ್ನು ಸಮಿತಿಯಲ್ಲಿ ಖಂಡಿತ ಬರುವ ಜಗಳ: ಈಗಿನ ಮುಖ ಬರೆಸುವುದೋ, ಆಡುತ್ತಿದ್ದ ಕಾಲದ ಮುಖವೋ? ಅಭಿಮಾನಿಗಳಿಗೆ ಹಳೆಯದು ಬೇಕು. ಮನೆಯವರಿಗೆ ಹತ್ತು ವರ್ಷ ಕಡಿಮೆ ಮಾಡಿದ ಮುಖ ಬೇಕು. ನನ್ನ ಮಟ್ಟಿಗೆ ಈಗಿನದೇ ಸರಿ. 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲುವು ತಂದ ಚಂದ್ರಶೇಖರ್ ಹೇಗಿದ್ದರು ಎಂದು ತಿಳಿಯಲು ಆ ಕಾಲದ ಫೋಟೊಗಳಿವೆ. ಅವನ್ನು ಪಕ್ಕದಲ್ಲಿ ಸಣ್ಣದಾಗಿ ಹಾಕಿ. ಕಲಾವಿದ ತಾನು ಕಾಣದ ಯುವಕನನ್ನು ಬರೆಯಹೊರಟರೆ ಫೋಟೊವನ್ನೇ ನಕಲು ಮಾಡಬೇಕಾಗುತ್ತದೆ. ನಕಲಿಗೆ ಯಾರೂ ಅಷ್ಟು ದುಡ್ಡು ಕೊಡಬೇಕಿಲ್ಲ. ಎದುರಿಗಿರುವ ಹಿರಿಯರನ್ನು ಬರೆದರೆ, ಆ ಮುಖದೊಳಗೆ ಆ ಬೌಲರ್ ಎಲ್ಲಿದ್ದಾನೆ ಎಂದು ಹುಡುಕುವ ಕೆಲಸ ಕಲಾವಿದನದಾಗುತ್ತದೆ. ಭಾವಚಿತ್ರ ಎನ್ನುವುದು ಆ ಹುಡುಕಾಟವೇ.

ಅದು ಮುಖಕ್ಕಿಂತ ಹೆಚ್ಚಾಗಿ ಕೈಯಲ್ಲಿ ಸಿಗುತ್ತದೆ. ಸ್ಪಿನ್ನರ್‌ಗಳ ಭಾವಚಿತ್ರದಲ್ಲಿ ಕೈ ಇಲ್ಲದಿದ್ದರೆ ಚಿತ್ರ ಅರ್ಧವೇ. ಕೂರಿಸುವ ದಿನ ಒಂದು ಕೆಂಪು ಚೆಂಡು ತೆಗೆದುಕೊಂಡು ಹೋಗಿ ಸುಮ್ಮನೆ ಅವರ ಕೈಗಿಡಿ. ಹಿಡಿದು ತೋರಿಸಿ ಎಂದು ಕೇಳಲೇಬೇಡಿ. ಮಾತಿನ ನಡುವೆ ಬೆರಳುಗಳು ತಾವಾಗಿಯೇ ಹೊಲಿಗೆ ಹುಡುಕಿಕೊಂಡು ಹೋಗುತ್ತವೆ. ಆ ಕ್ಷಣಕ್ಕೆ ಕಲಾವಿದ ಪೆನ್ಸಿಲ್ ಹಿಡಿದು ಸಿದ್ಧನಿರಬೇಕು. ಚಂದ್ರಶೇಖರ್ ಅವರ ವಿಷಯದಲ್ಲಂತೂ ಇದು ಇನ್ನೂ ಮುಖ್ಯ. ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿದ್ದು ಅವರ ಬಲಗೈ. ಆ ಕೈಯಿಂದಲೇ ಬೌಲ್ ಮಾಡಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದರು. ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯುತ್ತಿದ್ದದ್ದು ಎಡಗೈಯಿಂದ. ಉದ್ದ ತೋಳಿನ ಅಂಗಿಗೆ ಮಣಿಕಟ್ಟಿನ ಗುಂಡಿ ಹಾಕಿಕೊಂಡೇ ಬೌಲ್ ಮಾಡುತ್ತಿದ್ದರು. ಎರಡೂ ಕೈಗಳನ್ನು ಒಂದೇ ದಪ್ಪಕ್ಕೆ ಬರೆದುಕೊಡುವ ಕಲಾವಿದ ಅವರನ್ನು ನೋಡಿಲ್ಲ ಎಂದೇ ಅರ್ಥ. ಆ ಕೈಯನ್ನು ಎಷ್ಟು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ಅವರ ಜೊತೆಯೇ ಕೂತು ಮಾತಾಡಿ ತೀರ್ಮಾನಿಸಬೇಕು. ಕೂತವರಿಗೆ ಬೇಸರವಾದರೆ ಮುಖ ಕಲ್ಲಾಗುತ್ತದೆ, ಆದ್ದರಿಂದ ಅವರಿಗೆ ಇಷ್ಟವಾದ ಮಾತೋ ಹಾಡೋ ಇರಲಿ. ಚಂದ್ರಶೇಖರ್ ಅವರಿಗೆ ಹಿಂದಿ ಚಿತ್ರಗೀತೆಗಳ ಗಾಯಕ ಮುಕೇಶ್ ಕಂಠವೆಂದರೆ ಪ್ರಾಣ ಎಂಬುದು ಕ್ರಿಕೆಟ್ ವಲಯದಲ್ಲಿ ಎಲ್ಲರಿಗೂ ಗೊತ್ತು.

ವಿಶ್ವನಾಥ್ ಅವರದು ನಿಮ್ಮ ಜಿಲ್ಲೆಯೇ, ಭದ್ರಾವತಿ. ನಿಮ್ಮ ಗೋಡೆಯ ಮುಖ್ಯ ಚಿತ್ರ ಅವರದೇ ಆಗಬೇಕು. ಎಲ್ಲರೂ ಸ್ಕ್ವೇರ್ ಕಟ್ ಹೊಡೆಯುತ್ತಿರುವ ಭಂಗಿ ಬೇಕು ಎನ್ನುತ್ತಾರೆ, ಬೇಡ ಎನ್ನಿ. ಓಟದ, ಹೊಡೆತದ ನಡುಗಳಿಗೆಯನ್ನು ಹಿಡಿಯಲು ಕ್ಯಾಮೆರಾ ಇದೆ. ಆ ಗಳಿಗೆಯಲ್ಲಿ ಮುಖ ಅವರದಾಗಿ ಉಳಿಯುವುದಿಲ್ಲ, ಹಲ್ಲು ಕಚ್ಚಿರುತ್ತದೆ, ಕಣ್ಣು ಚೆಂಡಿನ ಮೇಲಿರುತ್ತದೆ. ವಾಂಖೆಡೆ ಮೈದಾನದಲ್ಲಿ 2023ರ ನವೆಂಬರ್ 1ರಂದು ಅನಾವರಣವಾದ ಸಚಿನ್ ಪ್ರತಿಮೆ ದೊಡ್ಡ ಹೊಡೆತದ ಭಂಗಿಯಲ್ಲಿದೆ. ಅದನ್ನು ನೋಡಿದ ಜನ ಇದು ಆಸ್ಟ್ರೇಲಿಯಾದ ಬ್ಯಾಟರ್ ಸ್ಟೀವ್ ಸ್ಮಿತ್ ಥರ ಇದೆಯಲ್ಲ ಎಂದು ಜಾಲತಾಣಗಳ ತುಂಬ ನಕ್ಕರು. ಶಿಲ್ಪಿಯ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಆ ಭಂಗಿಯಲ್ಲಿ ಹೋಲಿಕೆ ಹಿಡಿಯುವುದು ಯಾರಿಗೂ ಕಷ್ಟ. ವಿಶ್ವನಾಥ್ ಅವರನ್ನು ಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ಅಡ್ಡಲಾಗಿ ಒಂದು ಬ್ಯಾಟ್ ಇಟ್ಟು, ಮಣಿಕಟ್ಟುಗಳು ಕಾಣುವಂತೆ ಬರೆಸಿ. ಬ್ಯಾಟು ಇಂದಿನ ಅಂಗಡಿಯದು ಬೇಡ. ಎಪ್ಪತ್ತರ ದಶಕದ ಬ್ಯಾಟಿನ ಅಂಚು ತೆಳು. ಈಗಿನ ದಪ್ಪ ಅಂಚಿನ ಬ್ಯಾಟನ್ನು ಅವರ ಕೈಗೆ ಕೊಟ್ಟರೆ, ಆಟ ಬಲ್ಲವರು ಬಾಗಿಲಲ್ಲೇ ನಗುತ್ತಾರೆ. ಹಳೆಯ ಬ್ಯಾಟಿನ ಜೇನುಕಂದು ಬಣ್ಣ ಬಂದದ್ದು ಅಗಸೆ ಎಣ್ಣೆಯಿಂದ. ತೈಲವರ್ಣಕ್ಕೆ ಕಲಸುವುದೂ ಅದೇ ಎಣ್ಣೆಯನ್ನೇ. ಹಾಗಾಗಿ ಆ ಬಣ್ಣ ಕ್ಯಾನ್ವಾಸಿನ ಮೇಲೆ ಬಹಳ ಸಲೀಸಾಗಿ ಬರುತ್ತದೆ. ಕಲಾವಿದರಿಗೆ ಅದೊಂದು ಸಣ್ಣ ಸಂತೋಷ.

ಕಲಾವಿದರಿಗೆ ಕಷ್ಟವಾಗುವುದು ಬಿಳಿ. ಕ್ರಿಕೆಟಿಗನ ಚಿತ್ರದಲ್ಲಿ ಅರ್ಧ ಜಾಗ ಬಿಳಿ ಬಟ್ಟೆಯೇ ಆಗಿರುತ್ತದೆ. ಟ್ಯೂಬಿನಿಂದ ಹಿಂಡಿದ ಬಿಳಿಯನ್ನೇ ಬಳಿದರೆ ಆಟಗಾರ ಆಸ್ಪತ್ರೆಯ ಸಿಬ್ಬಂದಿಯಂತೆ ಕಾಣುತ್ತಾನೆ. ಹಳೆಯ ಫ್ಲಾನೆಲ್ ಪ್ಯಾಂಟು ಕೆನೆಬಣ್ಣದ್ದು, ಈಗಿನ ಪಾಲಿಯೆಸ್ಟರ್ ನೀಲಿಗೆ ತಿರುಗುವ ಬಿಳಿ. ಹುಲ್ಲಿನ ಮೇಲೆ ನಿಂತವನ ಬಟ್ಟೆಯ ಕೆಳಮಡಿಕೆಗಳಲ್ಲಿ ಹಸಿರು ಛಾಯೆ ಇರುತ್ತದೆ, ಗದ್ದದ ಕೆಳಗೂ ಇರುತ್ತದೆ. ಸಂಜೆಯ ಹೊತ್ತಾದರೆ ನೆರಳು ನೇರಳೆಗೆ ವಾಲುತ್ತದೆ. ಕಲಾವಿದರನ್ನು ಆರಿಸುವಾಗ ಅವರು ಬರೆದ ಬಿಳಿ ಅಂಗಿಯ ಅಥವಾ ಬಿಳಿ ಪಂಚೆಯ ಚಿತ್ರವೊಂದನ್ನು ತೋರಿಸಲು ಕೇಳಿ. ಅದೊಂದರಲ್ಲೇ ಅವರ ಕೈ ಎಂಥದೆಂದು ಗೊತ್ತಾಗುತ್ತದೆ. ಕಲಾವಿದರನ್ನು ಹುಡುಕಲು ದೂರ ಹೋಗಬೇಕಿಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಎರಡರಲ್ಲೂ ವಿಚಾರಿಸಿ. ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಜನರನ್ನು ಎದುರಿಗೆ ಕೂರಿಸಿಕೊಂಡು ಬರೆಯಬಲ್ಲವರು ಯಾರೆಂದು ಕಣ್ಣಾರೆ ನೋಡಬಹುದು. ಇಬ್ಬರು ಮೂವರನ್ನು ಗುರುತಿಸಿ, ಒಬ್ಬೊಬ್ಬರಿಂದ ಒಂದು ಸಣ್ಣ ತೈಲವರ್ಣ ಕರಡು ಮಾಡಿಸಿ. ಅದಕ್ಕೂ ಹಣ ಕೊಡಿ. ಬಿಟ್ಟಿ ಮಾದರಿ ಕೇಳುವ ಸಂಸ್ಥೆಗಳಿಗೆ ಒಳ್ಳೆಯ ಕಲಾವಿದರು ಎರಡನೇ ಸಲ ಫೋನ್ ಎತ್ತುವುದಿಲ್ಲ.

ಫೋಟೊ ಪೂರ್ತಿ ಬೇಡವೆಂದು ನಾನು ಹೇಳುತ್ತಿಲ್ಲ. ಎಂಬತ್ತರ ಆಸುಪಾಸಿನವರನ್ನು ಗಂಟೆಗಟ್ಟಲೆ ಕೂರಿಸಲಾಗದು. ಎರಡು ಮೂರು ಸಲ ಹೋಗಿ ಸ್ಕೆಚ್ ಮಾಡಿ, ಕಿಟಕಿ ಬೆಳಕಿನಲ್ಲಿ ಕಲಾವಿದನೇ ಫೋಟೊ ತೆಗೆದುಕೊಂಡು ಬಂದರೆ ಸಾಕು. ಹಳೆಯ ಫೋಟೊಗಳನ್ನು ವಿವರಗಳಿಗೆ ಮಾತ್ರ ಬಳಸಿ, ಅದರಲ್ಲೂ ಎಚ್ಚರ ಬೇಕು. ಹಳೆಯ ಪುಸ್ತಕ, ಪತ್ರಿಕೆಗಳಲ್ಲಿ ನೆಗೆಟಿವ್ ತಿರುವುಮುರುವಾಗಿ ಅಚ್ಚಾದ ಚಿತ್ರಗಳು ಸಿಗುತ್ತವೆ. ಗಂಡಸರ ಅಂಗಿಯ ಗುಂಡಿ ಯಾವ ಕಡೆ ಇದೆ, ಎದೆಯ ಲಾಂಛನ ಎಡಕ್ಕೇ ಇದೆಯೇ ಎಂದು ನೋಡಿ. ಹಾಗೆ ತಿರುಗಿದ ಫೋಟೊ ನಂಬಿ ಚಂದ್ರಶೇಖರ್ ಅವರನ್ನು ಎಡಗೈ ಬೌಲರ್ ಮಾಡಿಬಿಟ್ಟರೆ ಆ ಚಿತ್ರವನ್ನು ಯಾವ ಗೋಡೆಗೂ ಹಾಕಲಾಗದು. ಮುಂದೆ ಕುಂಬ್ಳೆ, ದ್ರಾವಿಡ್ ಸರದಿ ಬಂದಾಗ ಬಿಳಿ ಅಂಗಿಯ ಬೆನ್ನಿಗೆ ಸಂಖ್ಯೆ ಬರೆಸಬೇಡಿ. ಟೆಸ್ಟ್ ಅಂಗಿಗೆ ಹೆಸರು, ಸಂಖ್ಯೆ ಬಂದದ್ದು 2019ರಲ್ಲಿ, ಅಷ್ಟು ಹೊತ್ತಿಗೆ ಇಬ್ಬರೂ ನಿವೃತ್ತರು. ವೆಲ್ಕ್ರೊ ಪಟ್ಟಿಯ ಪ್ಯಾಡು ಎಪ್ಪತ್ತರ ದಶಕಕ್ಕೆ ಸಲ್ಲದು, ಆಗ ಇದ್ದದ್ದು ಚರ್ಮದ ಪಟ್ಟಿ, ಬಕಲ್. ಬ್ಯಾಟಿನ ಕಂಪನಿ ಸ್ಟಿಕ್ಕರನ್ನು ನಾನಾದರೆ ಬಿಟ್ಟುಬಿಡುತ್ತೇನೆ.

ಹಕ್ಕಿನ ಪ್ರಶ್ನೆಗೆ ಬರೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ಬರೆಸಿದ ಭಾವಚಿತ್ರದ ಕೃತಿಸ್ವಾಮ್ಯದ ಮೊದಲ ಒಡೆಯರು ಬರೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಅನೇಕ ಕಲಾವಿದರಿಗೇ ಇದು ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದನ್ನು ನಿಮ್ಮ ಲಾಭಕ್ಕೆ ಬಳಸಿಕೊಳ್ಳದೆ, ಪೋಸ್ಟ್‌ಕಾರ್ಡ್, ಕ್ಯಾಲೆಂಡರ್ ಅಚ್ಚು ಹಾಕಿದರೆ ಕಲಾವಿದರಿಗೆ ಎಷ್ಟು ಪಾಲು, ಅವರು ತಮ್ಮ ಪ್ರದರ್ಶನದಲ್ಲಿ ಚಿತ್ರವನ್ನು ತೋರಿಸಬಹುದೇ ಎಂಬುದನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಿ. ಹಕ್ಕು ನಿಮ್ಮದಾದರೂ ಮನಬಂದಂತೆ ಚಿತ್ರ ತಿದ್ದಿಸುವಂತಿಲ್ಲ, ಕಲಾವಿದರ ಹೆಸರು ಅಳಿಸುವಂತಿಲ್ಲ. 57ನೇ ಕಲಮು ಆ ರಕ್ಷಣೆಯನ್ನು ಕಲಾವಿದರಿಗೆ ಕೊಟ್ಟಿದೆ. ದೆಹಲಿಯ ವಿಜ್ಞಾನ ಭವನದಿಂದ ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಗೆಡವಿದ ಪ್ರಕರಣದಲ್ಲಿ, ಉಳಿದ ತುಣುಕುಗಳನ್ನು ಅವರಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ದೆಹಲಿ ಹೈಕೋರ್ಟ್ 2005ರಲ್ಲಿ ಸರ್ಕಾರಕ್ಕೇ ಹೇಳಿತು. ಇಂಟರ್ನೆಟ್ ಫೋಟೊ ಇನ್ನೊಂದು ತಂಟೆ. ಅದು ಯಾವುದೋ ಪತ್ರಿಕೆಯದೋ ಛಾಯಾಗ್ರಾಹಕರದೋ ಆಗಿರುತ್ತದೆ. ಅದನ್ನು ನೋಡಿಕೊಂಡು ಕ್ಯಾನ್ವಾಸಿಗೆ ಇಳಿಸಿದರೂ ಅದು ನಕಲೇ, ಲಿಖಿತ ಅನುಮತಿ ಬೇಕು. ಆಟಗಾರರಿಂದಲೂ ಒಂದು ಒಪ್ಪಿಗೆ ಪತ್ರ ಪಡೆಯಿರಿ. ಗೋಡೆಗೆ ಹಾಕುವುದು ಒಂದು, ಅವರ ಮುಖವನ್ನು ಮಗ್ಗಿನ ಮೇಲೆ ಅಚ್ಚು ಹಾಕಿ ಮಾರುವುದು ಇನ್ನೊಂದು.

ಹಣವನ್ನು ಮೂರು ಕಂತಿನಲ್ಲಿ ಕೊಡಿ: ಮುಂಗಡ ಒಂದು ಪಾಲು, ಮುಖ ಮೂಡಿದ ಮೇಲೆ ಒಂದು ಪಾಲು, ಚಿತ್ರ ಕೈಗೆ ಬಂದ ಮೇಲೆ ಉಳಿದದ್ದು. ಮಧ್ಯದಲ್ಲಿ ನೋಡಿ ಒಪ್ಪಿಗೆ ಹೇಳುವ ಅಧಿಕಾರ ಸಮಿತಿಯ ಒಬ್ಬರಿಗೆ ಮಾತ್ರ ಇರಲಿ. ಹನ್ನೊಂದು ಮಂದಿ ಹೋಗಿ ಒಬ್ಬೊಬ್ಬರು ಒಂದೊಂದು ಕಡೆ ಮೂಗು ಸರಿಮಾಡಿಸಿದರೆ ಕೊನೆಗೆ ಉಳಿಯುವುದು ಯಾರ ಮೂಗೂ ಅಲ್ಲ.

ಮಲೆನಾಡಿನ ಮಳೆಯ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು, ಅದನ್ನು ಸಾಮಾನ್ಯವಾಗಿ ಚಿತ್ರ ಬಂದ ಮೇಲೆ ಕೇಳುತ್ತಾರೆ. ಬಟ್ಟೆಯ ಕ್ಯಾನ್ವಾಸು ತೇವ ಹೀರಿ ಸಡಿಲವಾಗುತ್ತದೆ, ಬೇಸಿಗೆಯಲ್ಲಿ ಬಿಗಿಯುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಕೆಲವು ವರ್ಷಕ್ಕೆ ಬಣ್ಣ ಬಿರಿಯುತ್ತದೆ. ಬಟ್ಟೆಯ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ, ಮರದ ಚೌಕಟ್ಟಿಗೆ ಗೆದ್ದಲು ಬರುತ್ತದೆ. ಮೇಲೆ ಹೇಳಿದ ಸಚಿನ್ ಭಾವಚಿತ್ರ ಇರುವುದು ಉಜ್ಜಿ ಒರಟು ಮಾಡಿದ ಅಲ್ಯುಮಿನಿಯಂ ಹಾಳೆಯ ಮೇಲೆ. ಅಲ್ಲಿ ಅದನ್ನು ಕಲಾವಿದ ತನ್ನ ಶೈಲಿಗಾಗಿ ಆರಿಸಿಕೊಂಡಿರಬಹುದು. ನಿಮಗಂತೂ ಅದು ತೇವದ ಕಾರಣಕ್ಕೇ ಉಪಯುಕ್ತ. ಲೋಹ ತೇವ ಹೀರುವುದಿಲ್ಲ, ಬೂಷ್ಟಿಗೆ ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲ. ನಿಮ್ಮ ಕಲಾವಿದರು ಒಪ್ಪಿದರೆ ಅದನ್ನೇ ಮಾಡಿಸಿ. ಬಟ್ಟೆಯೇ ಬೇಕೆಂದರೆ ನಾರಗಸೆಯ ಲಿನನ್ ಇರಲಿ, ಹಿಂಬದಿಗೆ ರಕ್ಷಣೆಯ ಹಲಗೆ ಹೊಡೆಸಿ. ಮಳೆ ಬಡಿಯುವ ಹೊರಗೋಡೆಗೆ ಯಾವುದನ್ನೂ ಹಾಕಬೇಡಿ. ಒಳಗೋಡೆಗೆ ಹಾಕುವಾಗಲೂ ನಾಲ್ಕು ಮೂಲೆಗೆ ಕಾರ್ಕ್ ತುಂಡು ಇಟ್ಟು ಗಾಳಿಯಾಡುವಷ್ಟು ಸಂದು ಬಿಡಿ. ಬೆಳಕು 200 ಲಕ್ಸ್ (ಬೆಳಕಿನ ಅಳತೆಯ ಮಾನ) ಮೀರದಿರಲಿ, ಕಿಟಕಿ ಗಾಜಿಗೆ ಅತಿನೇರಳೆ ಕಿರಣ ತಡೆಯುವ ಫಿಲ್ಮ್ ಅಂಟಿಸಿ. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿ ಎತ್ತರಕ್ಕೆ ಬರಲಿ. ಮಕ್ಕಳೇ ಹೆಚ್ಚು ಬರುವ ಜಾಗವಾದರೆ ಇನ್ನೂ ಸ್ವಲ್ಪ ಕೆಳಗಿದ್ದರೂ ಚೆನ್ನ. ತೈಲವರ್ಣ ಪೂರ್ತಿ ಒಣಗಿ ಕೊನೆಯ ವಾರ್ನಿಶ್‌ಗೆ ಸಿದ್ಧವಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ವಾರ್ನಿಶ್ ಹಾಕಲು ಕಲಾವಿದರು ಮತ್ತೊಮ್ಮೆ ಬರಬೇಕೆಂದು ಒಪ್ಪಂದದಲ್ಲೇ ಸೇರಿಸಿ. ಉದ್ಘಾಟನೆಯನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ.

ಚಿತ್ರದ ಕೆಳಗಿನ ಫಲಕದಲ್ಲಿ ರನ್ನು, ವಿಕೆಟ್ಟುಗಳ ಪಟ್ಟಿ ಬೇಡ, ಅದು ಎಲ್ಲರ ಫೋನಿನಲ್ಲೂ ಸಿಗುತ್ತದೆ. ವಿಶ್ವನಾಥ್ ಅವರ ಫಲಕಕ್ಕಾದರೆ ನಾನು 1980ರ ಮುಂಬೈ ಟೆಸ್ಟನ್ನು ಬರೆಯುತ್ತೇನೆ. ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ನಾಯಕನಾಗಿದ್ದ ವಿಶ್ವನಾಥ್ ವಾಪಸ್ ಕರೆದು ಆಡಿಸಿದರು, ಆ ಪಂದ್ಯವನ್ನು ಭಾರತ ಸೋತಿತು. ಕಲಾವಿದರ ಹೆಸರು, ವರ್ಷ, ಎಲ್ಲಿ ಕೂರಿಸಿ ಬರೆದದ್ದು ಎಂಬುದೂ ಅಲ್ಲೇ ಇರಲಿ.

ಕೇಳದೆಯೇ ಇನ್ನೊಂದು ಮಾತು. ಉದ್ಘಾಟನೆಯ ದಿನ ಉತ್ಸಾಹದಲ್ಲಿ ಯಾರಾದರೂ ಚಿತ್ರಕ್ಕೆ ಹೂವಿನ ಹಾರ ಹಾಕಲು ಬಂದಾರು. ಬದುಕಿರುವವರ ಪಟಕ್ಕೆ ಹಾರ ಹಾಕುವ ರೂಢಿ ನಮ್ಮಲ್ಲಿಲ್ಲ, ಅವರು ಎದುರಿಗೇ ನಿಂತಿರುವಾಗಲಂತೂ ಮುಜುಗರ. ಮುಂದೆಯೂ ಕುಂಕುಮ, ಊದುಬತ್ತಿ, ಹಾರ ಯಾವುದೂ ಆ ಬಣ್ಣದ ಹತ್ತಿರ ಸುಳಿಯದಂತೆ ನೋಡಿಕೊಳ್ಳುವವರು ಒಬ್ಬರು ಬೇಕು. ಅವರ ಹೆಸರನ್ನು ಸಮಿತಿಯ ಮುಂದಿನ ಸಭೆಯಲ್ಲೇ ಗೊತ್ತುಮಾಡಿಕೊಳ್ಳಿ.